ಗೋಧಿ ಚೀಲದ ಮೇಲಿನ ಎರಡು ಕೈಗಳು

ಚಿಕ್ಕಮಗಳೂರಿನಿಂದ ಸಖರಾಯಪಟ್ಟಣದ ಮೇಲೆ ಕಡೂರಿಗೆ ಬರುವ ಬಸ್ಸಿನಲ್ಲಿ ಈಚೆಗೆ ಒಂದು ದಿನ ನನ್ನ ಪಕ್ಕ ಕೂತಿದ್ದ ಯಜಮಾನರೊಬ್ಬರು ದಾರಿಯುದ್ದಕ್ಕೂ ವಿಯೆಟ್ನಾಮನ್ನು ಬಯ್ಯುತ್ತಾ ಬಂದರು. ಅವರು ಅಡಿಕೆ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿಕೊಂಡಿರುವ ಸಣ್ಣ ಬೆಳೆಗಾರರು. ಕಾಳುಮೆಣಸಿನ ಬೆಲೆ ಬಿದ್ದಾಗಲೆಲ್ಲ ಅವರಿಗೆ ಕಾಣುವ ಶತ್ರು ಅದೊಂದೇ. "ಅಲ್ಲ ಸಾಬ್ರೇ, ಅಷ್ಟುದ್ದದ ದೇಶ ಅದು, ಹಡಗುಗಟ್ಟಲೆ ಮೆಣಸು ಕಳಿಸ್ತದಲ್ಲ! ನಾವು ಬದುಕೋದು ಹೆಂಗೆ?" ಎಂದು ನನ್ನನ್ನೇ ಕೇಳಿದರು. ಅವರ ಸಿಟ್ಟಿನಲ್ಲಿ ಸುಳ್ಳೇನಿರಲಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವ ದೇಶ ವಿಯೆಟ್ನಾಂ. ಕಾಫಿಯಲ್ಲಿ ಅದಕ್ಕೆ ಬ್ರೆಜಿಲ್ ನಂತರದ ಸ್ಥಾನ. ಅಗ್ಗದ ಮೆಣಸು ಒಳಗೆ ಬರದಿರಲಿ ಎಂದು ನಮ್ಮ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನೇ ಗೊತ್ತುಮಾಡಬೇಕಾಯಿತು.

ಯಜಮಾನರು ಇಳಿದು ಹೋದರು. ನನಗೆ ಮಾತ್ರ ಇನ್ನೊಂದು ವಿಯೆಟ್ನಾಂ ನೆನಪಾಯಿತು. ಇವತ್ತು ಕಾಫಿ, ಮೆಣಸು ತೂಗುವ ಅಲ್ಲಿನ ಮಧ್ಯದ ಬೆಟ್ಟಸೀಮೆಯ ಕಾಡುಗಳ ಮೇಲೆ ಒಂದು ಕಾಲದಲ್ಲಿ ವಿಮಾನಗಳಿಂದ ಎಲೆ ಉದುರಿಸುವ ವಿಷ ಸುರಿದಿದ್ದರು. ಆ ಯುದ್ಧದ ಒಂದು ತುಂಡು ಕಡೂರಿನ ನಮ್ಮ ಮನೆಯೊಳಕ್ಕೂ ಬಂದಿತ್ತು. ಅದು ಬಂದದ್ದು ಗೋಧಿಯ ರೂಪದಲ್ಲಿ.

ನಮ್ಮ ದಾದಾ ಕಡೂರು ರೈಲ್ವೆ ಸ್ಟೇಷನ್ನಿನ ಎದುರು ಜಟಕಾ ಓಡಿಸುತ್ತಿದ್ದರು. ರೈಲು ಬರುವ ಹೊತ್ತಿಗೆ ಗಾಡಿ ಕಟ್ಟಿಕೊಂಡು ನಿಲ್ಲುವುದು, ಬಂದವರನ್ನು ಪೇಟೆಗೋ ಪಕ್ಕದ ಹಳ್ಳಿಗೋ ಮುಟ್ಟಿಸುವುದು. ಕುದುರೆಯ ಹೆಸರು ಬಿಜ್ಲಿ. ಕಡೂರು ಹೆಸರಿಗೆ ಮಲೆನಾಡಿನ ಜಿಲ್ಲೆಯಲ್ಲಿದ್ದರೂ ಮಳೆಯ ಲೆಕ್ಕದಲ್ಲಿ ಬಯಲುಸೀಮೆಗೆ ಸೇರಿದ್ದು. ಪಶ್ಚಿಮಕ್ಕೆ ತಿರುಗಿದರೆ ಮೋಡ ಕಟ್ಟಿದ ಬಾಬಾಬುಡನ್‌ಗಿರಿಯ ಸಾಲು ಕಾಣುತ್ತದೆ, ನಮ್ಮ ಹೊಲದ ಮೇಲೆ ಮಾತ್ರ ಬಿಸಿಲು. 1965ರಲ್ಲಿ ದೇಶಕ್ಕೇ ಮುಂಗಾರು ಕೈಕೊಟ್ಟಿತು. 1966ರಲ್ಲಿ ಮತ್ತೆ ಕೈಕೊಟ್ಟಿತು. 1964-65ರಲ್ಲಿ 8.9 ಕೋಟಿ ಟನ್ ಇದ್ದ ದೇಶದ ಆಹಾರ ಧಾನ್ಯದ ಉತ್ಪಾದನೆ ಮರುವರ್ಷ 7.2 ಕೋಟಿ ಟನ್ನಿಗೆ ಇಳಿಯಿತು ಎಂದು ಪುಸ್ತಕಗಳು ಹೇಳುತ್ತವೆ. ದಾದಿ ಇದನ್ನೇ ಬೇರೆ ರೀತಿ ಹೇಳುತ್ತಿದ್ದಳು: "ಬಿಜ್ಲಿಗೆ ಇಟ್ಟಿದ್ದ ಹುರುಳೀನ ನಾವು ತಿಂದ್ವಿ. ಅದಕ್ಕೆ ಗೊತ್ತಾಗಬಾರದು ಅಂತ ಬಾಗಿಲು ಹಾಕ್ಕೊಂಡು ತಿಂದ್ವಿ."

ಲಾಲ್ ಬಹಾದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟ ಬಿಡಿ ಎಂದು ದೇಶಕ್ಕೆ ಕರೆ ಕೊಟ್ಟ ಕಾಲ ಅದು. ಸ್ಟೇಷನ್ ಎದುರಿನ ಹೋಟೆಲಿನ ರೇಡಿಯೋದಲ್ಲಿ ಕೇಳಿ ಬಂದು ದಾದಾ ಈ ಸುದ್ದಿ ಹೇಳಿದಾಗ ದಾದಿ, "ನಮ್ಮ ಮನೇಲಿ ಎಲ್ಲಾ ದಿನಾನೂ ಸೋಮವಾರಾನೇ" ಎಂದಳಂತೆ. 1966ರ ಜನವರಿ 11ರಂದು ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡಾಗ ರಮಝಾನ್ ನಡೆಯುತ್ತಿತ್ತು. "ಉಪವಾಸ ಮಾಡಿ ಅಂದ ಮನುಷ್ಯ ಉಪವಾಸದ ತಿಂಗಳಲ್ಲೇ ಹೋದ" ಎಂದು ದಾದಿ ಎಷ್ಟೋ ವರ್ಷಗಳ ಮೇಲೂ ಹೇಳುತ್ತಿದ್ದಳು. ಈದ್ ಮುಗಿಯುವ ಹೊತ್ತಿಗೆ ಇಂದಿರಾ ಗಾಂಧಿ ಪ್ರಧಾನಿಯಾಗಿದ್ದರು.

ಆ ದಿನಗಳಲ್ಲೇ ಸೊಸೈಟಿಗೆ ಅಮೆರಿಕದ ಗೋಧಿ ಬರತೊಡಗಿತು. ಮೊದಲೂ ಬರುತ್ತಿತ್ತು, ಆದರೆ ಈಗ ಅದೇ ಗತಿಯಾಯಿತು. ರಾಗಿ ಮುದ್ದೆ ಉಣ್ಣುವ ಸೀಮೆಗೆ ಗೋಧಿ ಹಬ್ಬದ ಧಾನ್ಯ. ದಿನಾ ಅದನ್ನೇ ಏನು ಮಾಡುವುದು? ಕೇರಿಯ ಹೆಂಗಸರು ರಾಗಿಯ ಹಾಗೇ ಬೀಸಿ ಮುದ್ದೆ ಕಟ್ಟಲು ನೋಡಿದರು. ಅದು ಅಂಟಿಕೊಂಡು ಗಂಟಲಲ್ಲೇ ನಿಂತಿತು. ಆಮೇಲೆ ಪಕ್ಕದ ಮನೆಯ ಗೌಡ್ತಿ, ಆಚೆ ಮನೆಯ ಕುರುಬರ ಅಜ್ಜಿ ಎಲ್ಲ ಹಿಟ್ಟು ಹಿಡಿದುಕೊಂಡು ದಾದಿಯ ಹತ್ತಿರ ಬಂದರು. "ಸಾಬರ ಮನೆ ರೊಟ್ಟಿ ಹೆಂಗೆ ತಟ್ಟೋದು, ತೋರಿಸ್ಕೊಡೇ ಬೂಬಮ್ಮ." ದಾದಿ ಅಂಗಳದಲ್ಲಿ ಕೂತು ಹಿಟ್ಟು ನಾದುವುದನ್ನೂ ಲಟ್ಟಿಸುವುದನ್ನೂ ಕಲಿಸಿದಳು. ನಮ್ಮ ಕೇರಿಯಲ್ಲಿ ಜಾತಿ, ಮಡಿಗಳ ಗೆರೆಗಳು ಆ ಎರಡು ವರ್ಷ ಬಹಳ ಸಡಿಲವಾದವು ಎಂದು ಅಬ್ಬಾ ಹೇಳುತ್ತಾರೆ. ಬರ ಹೋದ ಮೇಲೆ ಮತ್ತೆ ಬಿಗಿಯಾದದ್ದೂ ನಿಜ. ಆದರೆ ಕಲಿತ ಚಪಾತಿಯನ್ನು ಯಾರೂ ಮರೆಯಲಿಲ್ಲ.

ಅಬ್ಬಾ ಆಗ ಹತ್ತು ವರ್ಷದ ಹುಡುಗ. ಶಾಲೆಯಲ್ಲಿ ಮಕ್ಕಳಿಗೆ ಹಾಲಿನ ಪುಡಿಯ ಹಾಲು, ಗೋಧಿ ನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು. ಅದರ ಚೀಲಗಳನ್ನು ಸ್ಟೇಷನ್ನಿನಿಂದ ಸಾಗಿಸಿದ್ದಕ್ಕೆ ದಾದಾಗೆ ಬಾಡಿಗೆಯ ಜೊತೆ ಎರಡು ಖಾಲಿ ಚೀಲ ಸಿಕ್ಕಿದವು. ಗಟ್ಟಿ ಹತ್ತಿಬಟ್ಟೆಯ ಬಿಳಿ ಚೀಲ. ಅದರ ಮೇಲೆ ಕೆಂಪು ನೀಲಿ ಬಣ್ಣದಲ್ಲಿ ಪಟ್ಟೆ ಪಟ್ಟೆಯ ಒಂದು ಗುರಾಣಿ, ನಡುವೆ ಪರಸ್ಪರ ಕುಲುಕುತ್ತಿರುವ ಎರಡು ಕೈ. ಅಮೆರಿಕದ ಜನ ಕೊಟ್ಟದ್ದು, ಮಾರಕೂಡದು ಎಂಬ ಅರ್ಥದ ಇಂಗ್ಲಿಷ್ ಬರಹ. ದಾದಿ ಒಂದು ಚೀಲವನ್ನು ಕತ್ತರಿಸಿ ಅಬ್ಬಾಗೆ ಚಡ್ಡಿ ಹೊಲಿದಳು. ಎಷ್ಟು ಒಗೆದರೂ ಬಣ್ಣ ಹೋಗಲಿಲ್ಲ. ಕೈಕುಲುಕುವ ಚಿತ್ರ ಸರಿಯಾಗಿ ಹಿಂಭಾಗದಲ್ಲೇ ಬಂದದ್ದರಿಂದ ಶಾಲೆಯ ಹುಡುಗರು ಎರಡು ವರ್ಷ ಅಬ್ಬಾನನ್ನು "ಅಮೆರಿಕ" ಎಂದೇ ಕರೆದರು. ಇನ್ನೊಂದು ಚೀಲವನ್ನು ದಾದಿ ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಳು. ರೇಷನ್ ಕಾರ್ಡು, ದಾದಾರ ಜಟಕಾ ಲೈಸೆನ್ಸು, ಮನೆಯ ಕಂದಾಯದ ರಸೀದಿಗಳಿಗೆ ಅದೇ ಖಜಾನೆ.

ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಆ ವರ್ಷಗಳಿಂದ ಹಿಡಿದು ಸಾಯುವವರೆಗೂ ದಾದಿ ಇಶಾ ನಮಾಝಿನ ನಂತರದ ದುಆದಲ್ಲಿ ಆ ಗೋಧಿಯನ್ನು ಮರೆಯಲಿಲ್ಲ. ತೀರಿಹೋದವರು, ಮನೆಯವರು, ಕೇರಿಯವರು, ಎಲ್ಲರದ್ದೂ ಮುಗಿದ ಮೇಲೆ ದಖ್ಖನಿಯಲ್ಲಿ ಒಂದು ಮಾತು ಸೇರಿಸುತ್ತಿದ್ದಳು: ನಮ್ಮ ಮಕ್ಕಳ ಹೊಟ್ಟೆಗೆ ಯಾರು ಕೊಟ್ಟರೋ ಅವರ ಮಕ್ಕಳನ್ನು ಸುಖವಾಗಿಡು ಮಾಲಿಕ್.

2003ರ ಮಾರ್ಚಿನಲ್ಲಿ ಬುಷ್ ಇರಾಕಿನ ಮೇಲೆ ಯುದ್ಧಕ್ಕೆ ಹೋದಾಗ ನಾನು ಇಪ್ಪತ್ತು ದಾಟಿದ ಯುವಕ. ಏಳನೆಯ ಇಯತ್ತೆಯವರೆಗೆ ಉರ್ದುವಿನಲ್ಲಿ, ಅಲ್ಲಿಂದ ಮುಂದೆ ಕನ್ನಡದಲ್ಲಿ ಓದಿದ್ದರಿಂದ ಎರಡು ಭಾಷೆಯ ಪತ್ರಿಕೆಗಳಲ್ಲೂ ಸುದ್ದಿ ಓದಿ ಎರಡರಷ್ಟು ಕುದಿಯುತ್ತಿದ್ದೆ. ಬಾಗ್ದಾದಿನ ಮೇಲೆ ಬೀಳುವ ಬಾಂಬುಗಳನ್ನು ಟಿವಿಯಲ್ಲಿ ಪಟಾಕಿಯಂತೆ ತೋರಿಸುತ್ತಿದ್ದರು. ನಾವು ಏಳೆಂಟು ಗೆಳೆಯರು ಸೇರಿ ಪ್ರತಿಭಟನೆ ಎಂದು ತಂಪುಪಾನೀಯದ ಬಾಟಲಿಗಳನ್ನು ಚರಂಡಿಗೆ ಸುರಿದೆವು. ಸುಡುವುದಕ್ಕೆ ಅಮೆರಿಕದ್ದು ಏನಾದರೂ ಬೇಕೆನಿಸಿತು. ಬಾವುಟ ನಮಗೆಲ್ಲಿ ಸಿಗಬೇಕು? ನಾನು ಮನೆಗೆ ಓಡಿ ಬಂದೆ. ದಾದಿಯ ಟ್ರಂಕು ತೆರೆದು, ಕಾಗದಗಳನ್ನೆಲ್ಲ ಅಲ್ಲೇ ಸುರಿದು, ಚೀಲ ಎತ್ತಿಕೊಂಡು ಹೋದೆ. ಹಳೆಯ ಬಟ್ಟೆ, ಸೀಮೆಎಣ್ಣೆ ಬೇಡುವ ಮೊದಲೇ ಹತ್ತಿಕೊಂಡಿತು.

ರಾತ್ರಿ ದಾದಿ ಬಯ್ಯಲಿಲ್ಲ. ಚದುರಿದ್ದ ಕಾಗದಗಳನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕುತ್ತಾ ಕೂತಿದ್ದಳು. ನಾನೇ ಹೋಗಿ, "ಅವರು ನಮ್ಮವರನ್ನ ಕೊಲ್ತಿದಾರೆ ದಾದಿ, ನೀನು ಅವರ ಚೀಲ ಇಟ್ಕೊಂಡು ಕೂತಿದೀಯ" ಎಂದು ದಬಾಯಿಸಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಚೀಲದ ಮೇಲೆ ಎರಡು ಕೈ ಇತ್ತಲ್ಲ ಬೇಟಾ. ಅದರಲ್ಲಿ ಒಂದು ನಮ್ಮದು. ಸುಡೋ ಮುಂಚೆ ಯಾವುದು ನಮ್ಮದು ಅಂತ ನೋಡಿದ್ಯಾ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಮುದುಕಿಗೆ ರಾಜಕೀಯ ಅರ್ಥವಾಗುವುದಿಲ್ಲ ಎಂದುಕೊಂಡು ಎದ್ದು ಹೋದೆ. 2009ರಲ್ಲಿ ದಾದಿ ತೀರಿಕೊಂಡಳು. ಆ ಪ್ಲಾಸ್ಟಿಕ್ ಕವರು ಈಗ ನನ್ನ ಹತ್ತಿರ ಇದೆ.

ಜಟಕಾ ಓಡಿಸುವವನೊಬ್ಬನ ಮೇಲೆ ಕತೆ ಬರೆಯಲು ಹೊರಟಾಗ ಆ ಗೋಧಿ ಎಲ್ಲಿಂದ, ಯಾಕೆ ಬಂತು ಎಂದು ಓದತೊಡಗಿದೆ. ಕತೆ ಅರ್ಧಕ್ಕೇ ನಿಂತಿತು. ಯಾಕೆಂದರೆ ಗೋಧಿಯ ಜಾಡು ಹಿಡಿದು ಹೋದಲ್ಲೆಲ್ಲ ನನಗೆ ವಿಯೆಟ್ನಾಂ ಎದುರಾಗುತ್ತಿತ್ತು.

ಹೆಚ್ಚುವರಿ ಧಾನ್ಯವನ್ನು ಬಡದೇಶಗಳಿಗೆ ಅವುಗಳದ್ದೇ ಹಣಕ್ಕೆ ಮಾರುವ ಪಿ.ಎಲ್. 480 ಎಂಬ ಕಾಯ್ದೆಗೆ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ್ದು 1954ರ ಜುಲೈ 10ರಂದು. ಅದೇ ತಿಂಗಳ 21ಕ್ಕೆ ಜಿನೀವಾ ಒಪ್ಪಂದ ಮುಗಿದು ವಿಯೆಟ್ನಾಂ ಉತ್ತರ, ದಕ್ಷಿಣ ಎಂದು ತಾತ್ಕಾಲಿಕವಾಗಿ ಎರಡಾಯಿತು. ಅಲ್ಲಿಯವರೆಗೆ ಆ ನೆಲ ಫ್ರೆಂಚರ ವಸಾಹತು. ಅದನ್ನು ಉಳಿಸಿಕೊಳ್ಳಲು ಅವರು ನಡೆಸುತ್ತಿದ್ದ ಯುದ್ಧಕ್ಕೆ 1950ರಲ್ಲಿ ಅಧ್ಯಕ್ಷ ಟ್ರೂಮನ್ ಹಣ, ಆಯುಧ ಕೊಡಲು ಶುರುಮಾಡಿದ್ದ. ಐಸೆನ್‌ಹೋವರ್ ಕಾಲಕ್ಕೆ ಯುದ್ಧದ ಖರ್ಚಿನ ಬಹುಪಾಲು ಅಮೆರಿಕದ್ದೇ ಆಯಿತು. ಸ್ವತಃ ದಂಡನಾಯಕನಾಗಿದ್ದ ಆತ ಸೈನ್ಯ ಕಳಿಸಲು ಒಪ್ಪಲಿಲ್ಲ. ಬದಲಿಗೆ ದಕ್ಷಿಣದಲ್ಲಿ ನ್ಗೊ ದಿನ್ ದಿಯೆಮ್ ಎಂಬಾತನ ಸರ್ಕಾರವನ್ನು ಎತ್ತಿ ಹಿಡಿದ. ಒಪ್ಪಂದದ ಪ್ರಕಾರ 1956ರಲ್ಲಿ ಇಡೀ ದೇಶಕ್ಕೆ ನಡೆಯಬೇಕಿದ್ದ ಚುನಾವಣೆ ನಡೆಯಲೇ ಇಲ್ಲ. ಈ ಒಪ್ಪಂದ ಜಾರಿಯಾಗುವುದನ್ನು ನೋಡಿಕೊಳ್ಳುವ ಅಂತಾರಾಷ್ಟ್ರೀಯ ಆಯೋಗಕ್ಕೆ ಅಧ್ಯಕ್ಷ ಸ್ಥಾನದಲ್ಲಿದ್ದ ದೇಶ ಯಾವುದು ಗೊತ್ತೇ? ಭಾರತ. ಭಾರತ ಮೊದಲ ಪಿ.ಎಲ್. 480 ಗೋಧಿ ಒಪ್ಪಂದಕ್ಕೆ ಸಹಿ ಹಾಕಿದ್ದೂ ಅದೇ 1956ರಲ್ಲಿ. ಹೀಗೆ ನಾವು ಒಂದು ಕೈಯಲ್ಲಿ ನ್ಯಾಯದ ತಕ್ಕಡಿ ಹಿಡಿದು ಇನ್ನೊಂದು ಕೈಯಲ್ಲಿ ರೇಷನ್ ಚೀಲ ಒಡ್ಡಿ ನಿಂತಿದ್ದೆವು.

ಕೆನಡಿ ಬಂದ. ಧಾನ್ಯ ಕೊಡುವ ಕೆಲಸಕ್ಕೆ 'ಶಾಂತಿಗಾಗಿ ಆಹಾರ' ಎಂಬ ಹೆಸರಿನಲ್ಲಿ ಕಚೇರಿ ತೆರೆದ. ವಿದೇಶಗಳಿಗೆ ನೆರವು ನೀಡುವ ಯುಎಸ್ಏಡ್ ಸಂಸ್ಥೆಯನ್ನು 1961ರ ನವೆಂಬರ್ 3ರಂದು ಹುಟ್ಟುಹಾಕಿದ. ದಾದಿಯ ಚೀಲದ ಮೇಲಿದ್ದ ಎರಡು ಕೈ ಆ ಸಂಸ್ಥೆಯ ಗುರುತಾಯಿತು. ಅದೇ ನವೆಂಬರ್ ಮುಗಿಯುವ ಮೊದಲು ವಿಯೆಟ್ನಾಮಿನ ಕಾಡು ಮತ್ತು ಬೆಳೆಗಳ ಮೇಲೆ ವಿಷ ಸಿಂಪಡಿಸಲು ಆತನೇ ಒಪ್ಪಿಗೆ ಕೊಟ್ಟ. ಐಸೆನ್‌ಹೋವರ್ ಬಿಟ್ಟುಹೋದಾಗ ಸಾವಿರದೊಳಗಿದ್ದ ಸೈನಿಕ ಸಲಹೆಗಾರರು ಕೆನಡಿ ಕೊಲೆಯಾದ 1963ರ ಕೊನೆಗೆ ಹದಿನಾರು ಸಾವಿರವಾಗಿದ್ದರು. ಒಂದೇ ತಿಂಗಳಲ್ಲಿ ಒಂದೇ ಕೈ ಅನ್ನದ ಕಾಗದಕ್ಕೂ ಬೆಳೆ ಸುಡುವ ಕಾಗದಕ್ಕೂ ಸಹಿ ಹಾಕಬಲ್ಲದು ಎಂಬುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಹೊರಗೆ ಹೋಗಿ ಕೂತೆ.

ಇನ್ನು ಜಾನ್ಸನ್. 1964ರಲ್ಲಿ ಆಪ್ತರೊಂದಿಗೆ ಫೋನಿನಲ್ಲಿ ಮಾತಾಡುವಾಗ ಈ ಯುದ್ಧ ಹೋರಾಡುವಷ್ಟು ಬೆಲೆಯದ್ದಲ್ಲ, ಆದರೆ ಹೊರಬರಲೂ ಆಗುವುದಿಲ್ಲ ಎಂಬರ್ಥದ ಮಾತನ್ನು ಆತ ಆಡಿದ್ದ. ಆ ಧ್ವನಿಮುದ್ರಿಕೆ ಆಮೇಲೆ ಹೊರಬಂತು. ಹಾಗೆ ಗೊತ್ತಿದ್ದೂ 1965ರ ಮಾರ್ಚಿನಲ್ಲಿ ಉತ್ತರ ವಿಯೆಟ್ನಾಮಿನ ಮೇಲೆ ನಿರಂತರ ಬಾಂಬು ದಾಳಿ ಶುರುಮಾಡಿದ, ದಾನಾಂಗಿನ ದಡಕ್ಕೆ ಸೈನ್ಯ ಇಳಿಸಿದ. 1968ರ ಹೊತ್ತಿಗೆ ಅಲ್ಲಿ ಐದು ಲಕ್ಷಕ್ಕೂ ಹೆಚ್ಚು ಅಮೆರಿಕದ ಸೈನಿಕರಿದ್ದರು. ಪ್ರತಿಯೊಬ್ಬ ಅಧ್ಯಕ್ಷನೂ ಹಿಂದಿನವನಿಂದ ಈ ಯುದ್ಧವನ್ನು ಪಿತ್ರಾರ್ಜಿತ ಸಾಲದಂತೆ ಪಡೆದ. ಸೋತವನು ಎಂಬ ಹೆಸರು ತನ್ನ ಕಾಲಕ್ಕೆ ಬಾರದಿರಲಿ ಎಂದು ಬಡ್ಡಿ ಸೇರಿಸಿ ಮುಂದಿನವನಿಗೆ ದಾಟಿಸಿದ.

ನಮ್ಮ ಗೋಧಿಯ ಕತೆ ಇಲ್ಲಿ ಆ ಯುದ್ಧದೊಡನೆ ಕೂಡಿಕೊಳ್ಳುತ್ತದೆ. ಹಿಂದೆ ಹಲವು ವರ್ಷಗಳಿಗೆ ಒಟ್ಟಿಗೇ ಒಪ್ಪಂದವಾಗುತ್ತಿತ್ತು. 1960ರ ಮೇ ತಿಂಗಳಲ್ಲಿ ಐಸೆನ್‌ಹೋವರ್ ಮತ್ತು ನಮ್ಮ ಆಹಾರ ಮಂತ್ರಿ ಎಸ್.ಕೆ. ಪಾಟೀಲರು ನಾಲ್ಕು ವರ್ಷಕ್ಕೆ 1.7 ಕೋಟಿ ಟನ್ ಧಾನ್ಯಕ್ಕೆ ಸಹಿ ಹಾಕಿದ್ದರು. 1965ರಲ್ಲಿ ಜಾನ್ಸನ್ ಆ ಪದ್ಧತಿ ನಿಲ್ಲಿಸಿದ. ಒಂದೆರಡು ತಿಂಗಳಿಗೆ ಸಾಕಾಗುವಷ್ಟು ಮಾತ್ರ ಮಂಜೂರು, ಮುಂದಿನದು ಆಮೇಲೆ ನೋಡೋಣ. ದನವನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿದ ಹಾಗೆ. ನೀವು ಕೃಷಿಗೆ ಹಣ ಹಾಕುತ್ತಿಲ್ಲ, ಗೊಬ್ಬರದ ಕಾರ್ಖಾನೆ ಮಾಡುತ್ತಿಲ್ಲ ಎಂಬುದು ಒಂದು ಕಾರಣ. ಪಾಕಿಸ್ತಾನದೊಂದಿಗಿನ ಯುದ್ಧ ಇನ್ನೊಂದು. ವಿಯೆಟ್ನಾಂ ವಿಷಯದಲ್ಲಿ ನಾವಾಡುತ್ತಿದ್ದ ಮಾತುಗಳು ಮತ್ತೊಂದು. 1966ರ ಮಾರ್ಚಿನಲ್ಲಿ ಇಂದಿರಾ ಗಾಂಧಿ ವಾಷಿಂಗ್ಟನ್ನಿಗೆ ಹೋಗಿ ಬಂದರು. ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಿದ್ದಾಯಿತು. ಜುಲೈನಲ್ಲಿ ಅವರು ಬಾಂಬು ದಾಳಿ ನಿಲ್ಲಿಸಿ ಎಂದರು. ಮಾಸ್ಕೋದಲ್ಲಿ ಸೋವಿಯತ್ ನಾಯಕರ ಜೊತೆ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ ಸಾಮ್ರಾಜ್ಯಶಾಹಿಗಳ ಆಕ್ರಮಣ ಎಂಬ ಮಾತೂ ಇತ್ತು. ಜಾನ್ಸನ್ ಕೆರಳಿದ. ವಿಶ್ವಸಂಸ್ಥೆಯ ಊ ಥಾಂಟ್ ಮತ್ತು ಪೋಪ್ ಹೇಳಿದ್ದನ್ನೇ ಭಾರತವೂ ಹೇಳಿದೆಯಲ್ಲ ಎಂದು ಯಾರೋ ಸಮಾಧಾನ ಮಾಡಹೋದರೆ, ಪೋಪ್‌ಗೂ ಊ ಥಾಂಟ್‌ಗೂ ನಮ್ಮ ಗೋಧಿ ಬೇಕಾಗಿಲ್ಲ ಎಂಬ ಉತ್ತರ ಬಂತಂತೆ. ದೆಹಲಿಯಲ್ಲಿದ್ದ ಅಮೆರಿಕದ ರಾಯಭಾರಿ ಚೆಸ್ಟರ್ ಬೌಲ್ಸ್ ಅವರ ನೆನಪುಗಳಿಂದ ಈ ಪ್ರಸಂಗ ಪ್ರಸಿದ್ಧವಾಗಿದೆ. ಬಿಹಾರ ಹಸಿದಿದ್ದ ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಹೊಸ ಮಂಜೂರಾತಿ ತಡೆದು ನಿಂತಿತು. ಹಡಗಿನಿಂದ ಇಳಿದದ್ದು ನೇರ ಬಾಯಿಗೆ ಎನ್ನುವ ಸ್ಥಿತಿ ದೇಶದ್ದಾಗಿತ್ತು.

ಸೊಸೈಟಿಯ ಮುಂದೆ ಬೆಳಿಗ್ಗೆಯಿಂದ ಕಾದು "ಇನ್ನೂ ಬಂದಿಲ್ಲ, ಮುಂದಿನ ವಾರ ಬಾ" ಎನಿಸಿಕೊಂಡು ಖಾಲಿ ಚೀಲದೊಂದಿಗೆ ಬಂದ ದಿನಗಳನ್ನು ದಾದಿ ಹೇಳುತ್ತಿದ್ದಳು. ಅವಳು ಅಂಗಡಿಯವನನ್ನು ಬಯ್ದುಕೊಂಡಿರಬೇಕು. ಆ 'ಮುಂದಿನ ವಾರ'ಗಳಲ್ಲಿ ಎಷ್ಟು ಅಂಗಡಿಯವನದು, ಎಷ್ಟು ರೈಲಿನದು, ಎಷ್ಟು ವಾಷಿಂಗ್ಟನ್ನಿನ ಮೇಜಿನದು ಎಂದು ಬಿಡಿಸಿ ಹೇಳುವುದು ಈಗ ಸಾಧ್ಯವಿಲ್ಲ. ಆದರೆ ಕಡೂರಿನ ಒಬ್ಬ ಜಟಕಾ ಸಾಬಿಯ ಹೆಂಡತಿಯ ಚೀಲ ತುಂಬುವುದು, ಅವಳು ಹೆಸರೂ ಕೇಳದ ದೇಶದ ಮೇಲೆ ಬೀಳುವ ಬಾಂಬಿನ ಬಗ್ಗೆ ನಮ್ಮ ಪ್ರಧಾನಿ ಬಾಯಿ ಮುಚ್ಚಿಕೊಂಡಿರುವುದರ ಮೇಲೂ ನಿಂತಿತ್ತು.

ಜಾನ್ಸನ್‌ಗೆ ಅನ್ಯಾಯ ಮಾಡಬಾರದು. ಆತ ಟೆಕ್ಸಾಸಿನ ಒಣಸೀಮೆಯಲ್ಲಿ ಹುಟ್ಟಿ, ಬಡ ಮೆಕ್ಸಿಕನ್ ಮಕ್ಕಳಿಗೆ ಮೇಷ್ಟರಾಗಿದ್ದವನು. ಹಸಿವನ್ನು ಕಣ್ಣಾರೆ ಕಂಡವನು. ಭಾರತದ ಮಳೆಯ ವರದಿಯನ್ನು ತಾನೇ ತರಿಸಿ ನೋಡುತ್ತಿದ್ದನಂತೆ. 1966ರಲ್ಲಿ ಭಾರತ ತರಿಸಿಕೊಂಡ ಒಂದು ಕೋಟಿ ಟನ್ನಿಗೂ ಮೀರಿದ ಧಾನ್ಯದಲ್ಲಿ ಹೆಚ್ಚಿನದು ಅಮೆರಿಕದ್ದು. ಅದು ಬಾರದಿದ್ದರೆ ಎಷ್ಟು ಜನ ಸಾಯುತ್ತಿದ್ದರೋ, ಅಬ್ಬಾ ಉಳಿಯುತ್ತಿದ್ದರೋ ಇಲ್ಲವೋ, ನಾನು ಈ ಲೇಖನ ಬರೆಯಲು ಇರುತ್ತಿದ್ದೆನೋ ಇಲ್ಲವೋ. ಇದೇ ನನ್ನ ಸಂಕಟ. ಕೊಟ್ಟವನು ಪೂರ್ತಿ ಕೆಟ್ಟವನಾಗಿದ್ದರೆ ನನಗೆ ಬರೆಯುವುದು ಸುಲಭವಾಗುತ್ತಿತ್ತು.

ಮುಂದಿನದು ಬಹಳ ಜನರಿಗೆ ಗೊತ್ತಿದೆ. ನಿಕ್ಸನ್ ಯುದ್ಧ ಮುಗಿಸುತ್ತೇನೆಂದು ಬಂದು ಸೈನಿಕರನ್ನು ವಾಪಸು ಕರೆಸುತ್ತಾ ಹೋದ. ಹಾಗೆ ಕರೆಸುತ್ತಲೇ ಯಾರಿಗೂ ತಿಳಿಯದಂತೆ ಪಕ್ಕದ ಕಾಂಬೋಡಿಯದ ಮೇಲೂ ಬಾಂಬು ಹಾಕಿಸಿದ. 1971ರ ಡಿಸೆಂಬರಿನಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ನಮ್ಮನ್ನು ಹೆದರಿಸಲು ಬಂಗಾಳ ಕೊಲ್ಲಿಗೆ ಬಂದ 'ಎಂಟರ್‌ಪ್ರೈಸ್' ಯುದ್ಧನೌಕೆ ಹೊರಟದ್ದು ವಿಯೆಟ್ನಾಮಿನ ಕಡಲಿನಿಂದಲೇ. 1973ರ ಜನವರಿಯಲ್ಲಿ ಪ್ಯಾರಿಸ್ ಒಪ್ಪಂದವಾಯಿತು. 1974ರ ಆಗಸ್ಟಿನಲ್ಲಿ ನಿಕ್ಸನ್ ರಾಜೀನಾಮೆ ಕೊಟ್ಟ. 1975ರ ಏಪ್ರಿಲ್ 30ರಂದು ಸೈಗಾನ್ ಬಿದ್ದಾಗ ಅಧ್ಯಕ್ಷನಾಗಿದ್ದವನು ಫೋರ್ಡ್. ಲೆಕ್ಕ ಹಾಕಿದರೆ ಟ್ರೂಮನ್‌ನಿಂದ ಫೋರ್ಡ್‌ವರೆಗೆ ಆರು ಜನ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಹಾಕಿದ್ದಕ್ಕಿಂತಲೂ ಹೆಚ್ಚು ಬಾಂಬು ಆ ಸಣ್ಣ ನೆಲದ ಮೇಲೆ, ಅದರ ನೆರೆಯವರ ಮೇಲೆ ಬಿತ್ತು. ಸತ್ತ ವಿಯೆಟ್ನಾಮಿಗರ ಲೆಕ್ಕ ಇಪ್ಪತ್ತು ಲಕ್ಷಕ್ಕಿಂತ ಮೇಲೆ. ಸತ್ತ ಅಮೆರಿಕದ ಹುಡುಗರು ಐವತ್ತೆಂಟು ಸಾವಿರ.

ನಮ್ಮ ಹಗ್ಗ ಸಡಿಲವಾದದ್ದು ಯಾರ ಕೃಪೆಯಿಂದಲೂ ಅಲ್ಲ. ಆ ಅವಮಾನವೇ ನಮ್ಮನ್ನು ಎಬ್ಬಿಸಿತು. ಸಿ. ಸುಬ್ರಹ್ಮಣ್ಯಂ ಆಹಾರ ಮಂತ್ರಿಯಾಗಿದ್ದಾಗ, 1966ರಲ್ಲಿ, ಮೆಕ್ಸಿಕೋದಿಂದ ಹದಿನೆಂಟು ಸಾವಿರ ಟನ್ ಗೋಧಿ ಬೀಜ ಬಂತು. ಉತ್ತರದಲ್ಲಿ ಹಸಿರು ಕ್ರಾಂತಿಯಾಯಿತು. ನಮ್ಮ ರಾಗಿಯ ಸೀಮೆಗೆ ಅದಕ್ಕಿಂತ ದೊಡ್ಡ ಉಪಕಾರ ಮಾಡಿದವರು ಮಂಡ್ಯದ ವಿ.ಸಿ. ಫಾರ್ಮಿನ ಲಕ್ಷ್ಮಣಯ್ಯನವರು. ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಸಂಬಂಧ ಬೆಳೆಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. 'ರಾಗಿ ಲಕ್ಷ್ಮಣಯ್ಯ' ಎಂದೇ ಅವರ ಹೆಸರಾಯಿತು. ಗೋಧಿಯ ಬಾಬ್ತು ನಮ್ಮ ದೇಶದಲ್ಲಿ ಕೂಡಿಬಿದ್ದಿದ್ದ ರೂಪಾಯಿಗಳಲ್ಲಿ 1,664 ಕೋಟಿಯ ಚೆಕ್ಕನ್ನು ಅಮೆರಿಕ 1974ರ ಫೆಬ್ರವರಿಯಲ್ಲಿ ಭಾರತಕ್ಕೇ ಬರೆದುಕೊಟ್ಟಿತು. ಉಳಿದದ್ದು ರಸ್ತೆಬದಿಯ ಕಾಂಗ್ರೆಸ್ ಗಿಡ. ಅದು ಅಮೆರಿಕದ ಗೋಧಿಯ ಜೊತೆ ಬಂತು ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಅದಕ್ಕೂ ಮೊದಲೇ ಇತ್ತು ಎನ್ನುವ ವಿದ್ವಾಂಸರೂ ಇದ್ದಾರೆ. ಕಡೂರು ಸ್ಟೇಷನ್ನಿನ ಹಳಿಗಳ ಪಕ್ಕ ಅದು ಸೊಂಟದುದ್ದ ಬೆಳೆದು ನಿಂತಾಗ ಅದರ ಜಾತಕ ಕೇಳುವವರು ಯಾರು?

ಇದೆಲ್ಲ ಹಳೆಯ ಕತೆ ಎನ್ನಬಹುದು. 2001ರ ಅಕ್ಟೋಬರಿನಲ್ಲಿ ಅಫ್ಘಾನಿಸ್ತಾನದ ಮೇಲೆ ಅಮೆರಿಕದ ವಿಮಾನಗಳು ಬಾಂಬಿನ ಜೊತೆ ಊಟದ ಪೊಟ್ಟಣಗಳನ್ನೂ ಉದುರಿಸಿದವು. ಎರಡರ ಬಣ್ಣವೂ ಹಳದಿ. ಸಿಡಿಯದೆ ಬಿದ್ದ ಗೊಂಚಲು ಬಾಂಬನ್ನು ಊಟವೆಂದು ಮಕ್ಕಳು ಎತ್ತಿಕೊಂಡಾರೆಂದು ರೇಡಿಯೋದಲ್ಲಿ ಎಚ್ಚರಿಕೆ ಕೊಟ್ಟು, ಪೊಟ್ಟಣದ ಬಣ್ಣ ಬದಲಾಯಿಸುವುದಾಗಿ ಹೇಳಬೇಕಾಯಿತು. ಆ ಯುದ್ಧವೂ ಬುಷ್, ಒಬಾಮಾ, ಟ್ರಂಪ್, ಬೈಡನ್ ಎಂದು ನಾಲ್ವರ ಕೈ ದಾಟಿ 2021ರ ಆಗಸ್ಟಿನಲ್ಲಿ ಕಾಬೂಲ್ ವಿಮಾನ ನಿಲ್ದಾಣದಲ್ಲಿ ಮುಗಿಯಿತು. 2024ರ ಮಾರ್ಚಿನಲ್ಲಿ ಗಾಝಾದ ಮೇಲೆ ಅಮೆರಿಕದ ವಿಮಾನಗಳು ಊಟ ಇಳಿಸುತ್ತಿದ್ದಾಗ ಅದೇ ಗಾಝಾದ ಮೇಲೆ ಬೀಳುವ ಬಾಂಬುಗಳನ್ನೂ ಇಸ್ರೇಲಿಗೆ ಅಮೆರಿಕವೇ ಕಳಿಸುತ್ತಿತ್ತು.

ಹಾಗಾದರೆ ಉಪ್ಪಿನ ಋಣ ಎಂದರೇನು? ಉಂಡ ಮನೆಗೆ ಎರಡು ಬಗೆಯಬಾರದು ಎಂದು ಕನ್ನಡ ನನಗೆ ಕಲಿಸಿದೆ. ನಮಕ್ ಹರಾಮ್ ಆಗಬೇಡ ಎಂದು ಉರ್ದು ಕಲಿಸಿದೆ. 2003ರಲ್ಲಿ ನಾನು ಆ ಚೀಲ ಸುಟ್ಟದ್ದು ನಮಕ್ ಹರಾಮಿಯೇ? ಇಂದಿರಾ ಗಾಂಧಿ ಬಾಂಬು ನಿಲ್ಲಿಸಿ ಎಂದದ್ದು? ಬಹಳ ದಿನ ಇದನ್ನು ತಲೆಯಲ್ಲಿ ತಿರುವಿದ್ದೇನೆ. ನನಗೆ ದಾರಿ ತೋರಿಸಿದವರು ಬಾಕ್ಸರ್ ಮುಹಮ್ಮದ್ ಅಲಿ. ಅವರು ಅಮೆರಿಕದ ಉಪ್ಪನ್ನೇ ಉಂಡು ಬೆಳೆದವರು. 1967ರ ಏಪ್ರಿಲಿನಲ್ಲಿ ವಿಯೆಟ್ನಾಂ ಯುದ್ಧಕ್ಕಾಗಿ ಸೇನೆಗೆ ಸೇರಲು ಕರೆದಾಗ ಆಗುವುದಿಲ್ಲ ಎಂದರು. ವಿಶ್ವ ಚಾಂಪಿಯನ್ ಪಟ್ಟ ಕಿತ್ತುಕೊಂಡರು, ಐದು ವರ್ಷ ಜೈಲು ಎಂದು ತೀರ್ಪಾಯಿತು. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿತು. ಆ ದಿನ ಉಪ್ಪಿನ ಋಣ ತೀರಿಸಿದವರು ಅಲಿಯೋ, ಅವರನ್ನು ದ್ರೋಹಿ ಎಂದವರೋ? ಉಂಡ ಮನೆಗೆ ಬೆಂಕಿ ಬಿದ್ದಾಗ ಕೂಗಿ ಹೇಳುವುದು ದ್ರೋಹವಲ್ಲ. ಆ ಮನೆಯ ಯಜಮಾನನೇ ಊರಿಗೆ ಬೆಂಕಿ ಇಡಲು ಹೊರಟಾಗ ಕೈ ಹಿಡಿಯುವುದೂ ದ್ರೋಹವಲ್ಲ.

ಕೊಟ್ಟದ್ದನ್ನು ಎತ್ತಿ ಆಡಿ, ಪಡೆದವರ ಮನಸ್ಸು ನೋಯಿಸಿ ದಾನವನ್ನು ವ್ಯರ್ಥ ಮಾಡಿಕೊಳ್ಳಬೇಡಿ ಎಂಬುದು ಕುರ್‌ಆನಿನ ಸೂರಃ ಬಕರದ ಬೋಧನೆ. ಇದನ್ನು ಜಾನ್ಸನ್‌ಗೆ ಹೇಳಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ರಮಝಾನಿನಲ್ಲಿ ಒಂದು ಕಿಟ್ ಕೊಡುವಾಗ ಹತ್ತು ಜನ ಸೇರಿ ಹಿಡಿದುಕೊಂಡು ಫೋಟೋಗೆ ನಿಲ್ಲುವುದನ್ನು ನಮ್ಮ ಊರಲ್ಲೂ ನೋಡಿದ್ದೇನೆ. ಎದುರಿಗೆ ಬುರ್ಖಾದ ಅಂಚು ಹಿಡಿದು ತಲೆ ತಗ್ಗಿಸಿ ನಿಂತ ವಿಧವೆ. ಮಾರನೆಯ ವರ್ಷ ಅದೇ ಹೆಂಗಸು ಜಮಾಅತಿನಲ್ಲಿ ತನ್ನ ಮಗಳ ತಲಾಕಿನ ಬಗ್ಗೆ ನ್ಯಾಯ ಕೇಳಿದರೆ, ನಮ್ಮ ಅಕ್ಕಿ ತಿನ್ನುವವಳಿಗೆ ಎಷ್ಟು ಬಾಯಿ ಎನ್ನುವವರಿದ್ದಾರೆ. ಸರ್ಕಾರದ ಅಕ್ಕಿ ತಿನ್ನುವ ಬಡವರು ಮಾತಾಡಬಾರದೆಂದು ದೇಶದುದ್ದಕ್ಕೂ ಹೇಳುವವರಿದ್ದಾರೆ. ಗಿಡ್ಡ ಹಗ್ಗ ವಾಷಿಂಗ್ಟನ್ನಿನಲ್ಲಿ ಮಾತ್ರ ಹೊಸೆಯುವುದಲ್ಲ.

ಈಗ ದಾದಿಯ ದುಆಕ್ಕೆ ಬರುತ್ತೇನೆ. ಅವಳು ಅಮೆರಿಕದ ಅಧ್ಯಕ್ಷನಿಗಾಗಿ ಬೇಡುತ್ತಿದ್ದಾಳೆ ಎಂದುಕೊಂಡು ನಾನು ಇಷ್ಟು ವರ್ಷ ಒಳಗೊಳಗೇ ನಾಚಿಕೊಂಡಿದ್ದೆ. ಅವಳು ಹಾಗೆ ಬೇಡಲೇ ಇಲ್ಲ. ಕೊಟ್ಟವರ ಮಕ್ಕಳನ್ನು ಸುಖವಾಗಿಡು ಎಂದಳು. ಗೋಧಿ ಕೊಟ್ಟವರು ಯಾರು? ಕಾನ್ಸಾಸಿನಂಥ ಕಡೆ ಉತ್ತು ಬಿತ್ತಿ ಬೆಳೆದ ಒಕ್ಕಲು ಮಕ್ಕಳು. ಕಡ್ಡಾಯ ಸೇನಾ ಸೇವೆಯ ಚೀಟಿ ಹೋದದ್ದು ಅಂಥವರ ಮನೆಗಳಿಗೇ. ಕಡೂರಿನ ಅಂಗಳವೊಂದರಲ್ಲಿ ಒಬ್ಬಳು ತಾಯಿ ಆ ಹುಡುಗರ ಕ್ಷೇಮಕ್ಕಾಗಿ ಕೈ ಎತ್ತಿದ್ದಾಗ ಅವರದೇ ಅಧ್ಯಕ್ಷರು ಅವರನ್ನು ಕೊಲ್ಲಲು, ಸಾಯಲು ಭತ್ತದ ಗದ್ದೆಗಳಿಗೆ ಕಳಿಸುತ್ತಿದ್ದರು. ಐವತ್ತೆಂಟು ಸಾವಿರ ಮಂದಿಯ ಬಗ್ಗೆ ಅವಳ ದುಆ ಫಲಿಸಲಿಲ್ಲ. ಆದರೆ ಕೊಟ್ಟ ಕೈಯನ್ನೂ ಹಗ್ಗ ಹಿಡಿದ ಕೈಯನ್ನೂ ಓದು ಬಾರದ ಅವಳು ಬೇರೆ ಮಾಡಿ ನೋಡಿದ್ದಳು. ಎರಡು ಭಾಷೆ ಓದಿದ ನಾನು ಎರಡನ್ನೂ ಒಟ್ಟಿಗೇ ಸುಟ್ಟೆ.

2025ರಲ್ಲಿ ಟ್ರಂಪ್ ಸರ್ಕಾರ ಯುಎಸ್ಏಡ್ ಸಂಸ್ಥೆಯನ್ನೇ ಮುಚ್ಚಿತು. ಕೈಕುಲುಕುವ ಆ ಗುರುತನ್ನು ಅವರೇ ಅಳಿಸಿದರು. ಎಲ್ಲೋ ಆಫ್ರಿಕಾದ ಒಂದು ಊರಿನಲ್ಲಿ ಒಬ್ಬ ದಾದಿ ಖಾಲಿ ಚೀಲ ಹಿಡಿದು "ಮುಂದಿನ ವಾರ ಬಾ" ಎಂಬುದನ್ನೂ ಕೇಳಿಸಿಕೊಳ್ಳದೆ ಮನೆಗೆ ಹೋಗಿರುತ್ತಾಳೆ. ಸುದ್ದಿ ಓದಿದ ದಿನ ನನಗೆ ಗೆದ್ದ ಹಾಗೆ ಅನಿಸಲಿಲ್ಲ.

ಬಸ್ಸಿನ ಯಜಮಾನರಿಗೆ ನಾನು ಇದನ್ನೆಲ್ಲ ಹೇಳಬಹುದಿತ್ತು. ಅವರು ಬಯ್ಯುವ ಆ ಮೆಣಸಿನ ಬಳ್ಳಿಯ ಬುಡದಲ್ಲೂ ನಮ್ಮಂಥ ಬೇಸಾಯದವರೇ ಇದ್ದಾರೆ, ಅವರ ಅಜ್ಜಂದಿರ ಮೇಲೆ ಬಾಂಬು ಬೀಳುತ್ತಿದ್ದ ಹೊತ್ತಿನಲ್ಲಿ ನಮ್ಮ ಅಜ್ಜಿಯರು ರೇಷನ್ನಿಗೆ ಸಾಲು ನಿಂತಿದ್ದರು ಎಂದು. ಹೇಳಲಿಲ್ಲ. ಬೆಲೆ ಬಿದ್ದ ರೈತನಿಗೆ ಉಪದೇಶ ಮಾಡಬಾರದು. ಮನೆಗೆ ಬಂದು ಇಶಾ ಮುಗಿಸಿ ಕೈ ಎತ್ತಿದಾಗ ದಾದಿಯ ಹಳೆಯ ಮಾತು ತಾನಾಗಿ ನಾಲಿಗೆಗೆ ಬಂತು. ಅದಕ್ಕೆ ಅವಳು ಹೆಸರು ಕೇಳಿರದ ಆ ದೇಶದ ಮಕ್ಕಳನ್ನೂ ಸೇರಿಸಿದೆ.